ಎಲ್ಲವೂ ಅರಳು ಮರಳಲ್ಲ

ಅರವತ್ತಕ್ಕೆ ಅರಳು ಮರಳು ಎಂಬ ಮಾತು ನಮ್ಮಲ್ಲಿ ಬಲು ಹಳೆಯದು. ಮನೆಯ ಹಿರಿಯರು ಹೆಸರು ಮರೆತರೆ, ನಡೆಯುವಾಗ ತಡವರಿಸಿದರೆ ಈ ಒಂದೇ ಮಾತಿನಿಂದ ನಾವು ಸಮಾಧಾನ ತಂದುಕೊಳ್ಳುತ್ತೇವೆ. ಆ ಸಮಾಧಾನ ಎಷ್ಟು ದುಬಾರಿಯಾಗಬಲ್ಲುದೆಂಬುದನ್ನು ನಮ್ಮ ಮನೆಯಲ್ಲಿಯೇ ಕಂಡೆ. ಆದುದರಿಂದ ಈ ನಾಲ್ಕು ಮಾತು.

ನಮ್ಮ ತಂದೆ ಹಾವೇರಿಯ ಕಡೆ ಸಾಲೆಯ ಮಾಸ್ತರರಾಗಿದ್ದವರು. ತಾಯಿ ತೀರಿಕೊಂಡ ಮೇಲೆ ಮುಂಬಯಿಗೆ ನಮ್ಮಲ್ಲಿಗೆ ಬಂದರು. ೭೧ನೆಯ ವಯಸ್ಸಿನಲ್ಲಿ ಅವರ ನಡಿಗೆ ಕೆಟ್ಟಿತು. ಪಾದಗಳು ನೆಲಕ್ಕೆ ಅಂಟಿಕೊಂಡಂತೆ, ಕಾಲು ಅಗಲಿಸಿ ಚಿಕ್ಕ ಚಿಕ್ಕ ಹೆಜ್ಜೆ ಇಡತೊಡಗಿದರು. ಕೆಲವು ತಿಂಗಳಲ್ಲಿ ಮೂತ್ರ ತಡೆದುಕೊಳ್ಳುವುದು ಕಷ್ಟವಾಯಿತು. ಸಂಕೋಚದಿಂದ ಯಾರಿಗೂ ಹೇಳಲಿಲ್ಲ. ನಸುಕಿನಲ್ಲೆದ್ದು ತಾವೇ ಧೋತರ ಒಗೆದುಕೊಳ್ಳುತ್ತಿದ್ದರು. ಆಮೇಲೆ ಮರೆವು ಬಂತು. ನಾವು ತೋರಿಸಿದ ವೈದ್ಯರು ಐದು ನಿಮಿಷ ನೋಡಿ, "ವಯಸ್ಸಿನದು, ಹೀಗೆಯೇ" ಎಂದು ಗುಳಿಗೆ ಬರೆದುಕೊಟ್ಟರು.

ಇನ್ನೊಬ್ಬರಿಗೆ ತೋರಿಸಿದರೆ ಮೊದಲಿನವರಿಗೆ ಬೇಸರವಾದೀತೆಂಬ ದಾಕ್ಷಿಣ್ಯದಲ್ಲಿ ಒಂದು ವರ್ಷ ಕಳೆಯಿತು. ಕಡೆಗೆ ಹುಬ್ಬಳ್ಳಿಯ ಸೋದರತ್ತೆ ಬಂದು ಗದರಿದ ಮೇಲೆ ನರರೋಗ ತಜ್ಞರೊಬ್ಬರ ಬಳಿ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆ: "ಮೊದಲು ಕೆಟ್ಟಿದ್ದು ನಡಿಗೆಯೋ, ನೆನಪೋ?"

"ನೆನಪು" ಎಂದೆ ನಾನು. ನನ್ನ ಹೆಂಡತಿ ತಡೆದಳು. "ಅಲ್ಲ. ಮಾವನವರು ಸ್ಟೇಷನ್ನಿನ ಮೆಟ್ಟಿಲ ಮೇಲೆ ಬಿದ್ದದ್ದು ದೀಪಾವಳಿಗೆ. ಆಗ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು, ಒಂದೂ ತಪ್ಪುತ್ತಿರಲಿಲ್ಲ." ವೈದ್ಯರು ಕೂಡಲೇ ತಲೆಯ ಎಂ.ಆರ್.ಐ. ಮಾಡಿಸಲು ಬರೆದರು.

ಮಿದುಳಿನ ನಡುವೆ ದ್ರವ ತುಂಬಿದ ಪೊಳ್ಳು ಕೋಣೆಗಳಿವೆ. ದಿನಕ್ಕೆ ಸುಮಾರು ಅರ್ಧ ಲೀಟರು ದ್ರವ ಉತ್ಪತ್ತಿಯಾಗುತ್ತದೆ, ಅಷ್ಟೇ ಹೀರಿಹೋಗುತ್ತದೆ. ಹೀರುವಿಕೆ ಕುಂದಿದರೆ ಕೋಣೆಗಳು ಹಿಗ್ಗುತ್ತವೆ. ನಡಿಗೆ, ಮೂತ್ರದ ಹತೋಟಿ, ನೆನಪು ಮೂರೂ ಕೆಡಬಲ್ಲವು. ಸಾಮಾನ್ಯವಾಗಿ ನಡಿಗೆಯೇ ಮೊದಲು. ಆಲ್ಝೈಮರ್ ರೋಗದಲ್ಲಿ ಬಹುತೇಕ ನೆನಪು ಮೊದಲು. ವೈದ್ಯರ ಪ್ರಶ್ನೆಯ ಮರ್ಮ ಇದು. ೧೯೫೭ರಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಸಾಲೊಮೊನ್ ಹಕೀಮ್ ಎಂಬ ವೈದ್ಯರು, ಅಪಘಾತದ ನಂತರ ಎಚ್ಚರವಿಲ್ಲದಂತಿದ್ದ ೧೬ ವರ್ಷದ ಹುಡುಗನಲ್ಲಿ ಇದನ್ನು ಗುರುತಿಸಿದರು. ದ್ರವದ ಒತ್ತಡ ಸಹಜವಾಗಿಯೇ ಇದ್ದರೂ ಸ್ವಲ್ಪ ದ್ರವ ತೆಗೆದಾಗ ಹುಡುಗ ಮಾತಾಡಿದ. ೧೯೬೫ರಲ್ಲಿ ಈ ರೋಗದ ವಿವರ ವೈದ್ಯಜಗತ್ತಿನಲ್ಲಿ ಪ್ರಕಟವಾಯಿತು. ನಾರ್ಮಲ್ ಪ್ರೆಶರ್ ಹೈಡ್ರೊಸೆಫಲಸ್ ಎಂದು ಅದರ ಹೆಸರು.

ತಂದೆಯವರ ಸೊಂಟದ ಬಳಿ ಸೂಜಿಯಿಂದ ೪೦ ಮಿಲಿಲೀಟರು ದ್ರವ ತೆಗೆದು, ಮೊದಲೂ ಆಮೇಲೂ ನಡೆಸಿ ನೋಡಿದರು. ಹೆಜ್ಜೆ ಕಣ್ಣಿಗೆ ಕಾಣುವಂತೆ ಸುಧಾರಿಸಿತ್ತು. ಅನಂತರ ಮಿದುಳಿನಿಂದ ಹೊಟ್ಟೆಯ ಪೊಳ್ಳಿಗೆ ದ್ರವ ಹರಿಸುವ ಸಣ್ಣ ಕೊಳವೆಯನ್ನು ಶಸ್ತ್ರಚಿಕಿತ್ಸೆಯಿಂದ ಕೂಡಿಸಿದರು. ಈಗ ಕೋಲು ಹಿಡಿದು ಪೇಟೆಗೆ ಹೋಗಿ ಬರುತ್ತಾರೆ. ನೆನಪು ಮಾತ್ರ ಪೂರ್ತಿ ಮರಳಲಿಲ್ಲ. ಈ ಚಿಕಿತ್ಸೆ ಎಲ್ಲರಿಗೂ ಫಲಿಸುವುದಿಲ್ಲ. ಸೋಂಕು, ರಕ್ತಸ್ರಾವ, ಕೊಳವೆ ಕಟ್ಟಿಕೊಳ್ಳುವ ಅಪಾಯಗಳೂ ಉಂಟು. ಆದರೂ ಆ ಒಂದು ವರ್ಷ ನನ್ನನ್ನು ಇಂದಿಗೂ ಚುಚ್ಚುತ್ತದೆ.

ಮುಪ್ಪೆಂದು ತಳ್ಳಿಹಾಕುವ, ಆದರೆ ಚಿಕಿತ್ಸೆಗೆ ಬಗ್ಗುವ ಕಾರಣಗಳು ಬೇರೆಯೂ ಇವೆ. ಬಿ-೧೨ ಜೀವಸತ್ವದ ಕೊರತೆಯಿಂದ ಕಾಲು ಜೋಮು ಹಿಡಿಯುತ್ತದೆ, ನಡಿಗೆ ಓಲಾಡುತ್ತದೆ, ಮರೆವೂ ಬರಬಹುದು. ಸಸ್ಯಾಹಾರಿಗಳೂ, ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ತೆಗೆದುಕೊಂಡವರೂ ಈ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಥೈರಾಯಿಡ್ ಕುಂದಿದರೂ ಮನಸ್ಸು ಮಂಕಾಗುತ್ತದೆ. ತಲೆಗೆ ತಗುಲಿದ ಸಣ್ಣ ಪೆಟ್ಟಿನಿಂದ ವಾರಗಳ ನಂತರ ಮಿದುಳಿನ ಮೇಲೆ ರಕ್ತ ಶೇಖರವಾಗಿರಬಹುದು. ನಿದ್ದೆಯ ಗುಳಿಗೆಯೂ ಗೊಂದಲ ತರಬಲ್ಲುದು.

ಎರಡನೆಯ ವೈದ್ಯರಲ್ಲಿಗೆ ಹೋಗುವಾಗ ಬರಿಗೈಯಲ್ಲಿ ಹೋಗಬಾರದು. ಯಾವ ತೊಂದರೆ ಯಾವ ತಿಂಗಳು ತೋರಿತೆಂಬುದನ್ನು ಮನೆಮಂದಿಯೆಲ್ಲ ಕೂಡಿ ಒಂದು ಹಾಳೆಯಲ್ಲಿ ಬರೆಯಿರಿ. ಹಬ್ಬ, ಮದುವೆಗಳನ್ನು ನೆನೆದರೆ ಕಾಲ ಹೊಳೆಯುತ್ತದೆ. ನಡಿಗೆಯನ್ನು ಫೋನಿನಲ್ಲಿ ಚಿತ್ರಿಸಿಕೊಳ್ಳಿ. ಗುಳಿಗೆಗಳೆಲ್ಲವನ್ನೂ, ವರದಿಯ ಜೊತೆಗೆ ಸ್ಕ್ಯಾನಿನ ಚಿತ್ರಗಳನ್ನೂ ಒಯ್ಯಿರಿ. ಕೇಳಿದರೆ ಕಾಗದಪತ್ರಗಳನ್ನು ೭೨ ಗಂಟೆಯೊಳಗೆ ಕೊಡಬೇಕೆಂದು ವೈದ್ಯವೃತ್ತಿಯ ೨೦೦೨ರ ನಿಯಮಾವಳಿಯೇ ಹೇಳುತ್ತದೆ. ಹಿರಿಯರಿಗೆ ಊರಿನ ಭಾಷೆ ಬಾರದಿದ್ದರೆ ಅವರು ಕನ್ನಡದಲ್ಲಿ ಹೇಳಿದ್ದನ್ನು ಹೇಳಿದಂತೆಯೇ ತಿಳಿಸಿರಿ. ನಮ್ಮ ಊಹೆ ಬೆರೆಸಬಾರದು. ನಾನು ಬೆರೆಸಿದ್ದೆ. ಸಂಕೋಚದ ಮಾತನ್ನು ಅವರು ಹೇಳಲು ಮಕ್ಕಳು ತುಸು ಹೊತ್ತು ಹೊರಗೆ ಕೂಡುವುದೂ ಒಳ್ಳೆಯದು. ಇಬ್ಬರು ವೈದ್ಯರ ಮತ ಬೇರೆಯಾದರೆ, ಯಾವ ಪರೀಕ್ಷೆಯಿಂದ ಇತ್ಯರ್ಥವಾಗುವುದೆಂದು ಕೇಳಿರಿ.

ಒಂದು ಎಚ್ಚರಿಕೆ. ಒಮ್ಮೆಲೇ ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ, ಮಾತು ತೊದಲಿದರೆ ಎರಡನೆಯ ಅಭಿಪ್ರಾಯವೆಂದು ಕಾಯಬಾರದು. ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ರಕ್ತದ ಗಡ್ಡೆ ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಅವಧಿ.

ಇನ್ನೊಬ್ಬರನ್ನು ಕೇಳುವುದು ಮೊದಲಿನವರಿಗೆ ಮಾಡಿದ ಅವಮಾನವಲ್ಲ. ಮಗಳ ಮದುವೆಗೆ ಹತ್ತು ಕಡೆ ವಿಚಾರಿಸುವ ನಾವು, ತಂದೆತಾಯಿಯರ ಕಾಲು ಎಡವಿದಾಗ ಎರಡು ಕಡೆಯಾದರೂ ವಿಚಾರಿಸಬೇಡವೇ?