ಯೆಜ್ಡಿಯ ಕಿಡಿ ಮತ್ತು ಅದರ ಕಾವು

ಸ್ಪಾರ್ಕ್ ಪ್ಲಗ್ ಎಂಬ ಹೆಸರೇ ಕಿಡಿಯನ್ನು ಸೂಚಿಸುವುದರಿಂದ, ಪೆಟ್ರೋಲ್ ಆವಿಗೆ ಕಿಡಿ ಹೊತ್ತಿಸುವುದಷ್ಟೇ ಅದರ ಕೆಲಸವೆಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಆದರೆ ದಹನಕೋಣೆಯ ಬೆಂಕಿಗೆ ಸದಾ ಮೂತಿಯೊಡ್ಡಿ ನಿಂತಿರುವ ಈ ಪುಟ್ಟ ಸಾಧನವು, ತಾನು ಹೀರಿಕೊಂಡ ಕಾವನ್ನು ತನ್ನ ಉಕ್ಕಿನ ಮೈಯ ಮೂಲಕ ಸಿಲಿಂಡರ್ ಹೆಡ್ಡಿಗೆ ದಾಟಿಸಿ, ತನ್ನ ತುದಿಯನ್ನು ಹೆಚ್ಚು ತಣ್ಣಗೂ ಅಲ್ಲದ, ಹೆಚ್ಚು ಬಿಸಿಯೂ ಅಲ್ಲದ ಸ್ಥಿತಿಯಲ್ಲಿ ಕಾಪಾಡಿಕೊಳ್ಳಬೇಕಾಗುತ್ತದೆ. ಹಳೆಯ ಗಾಡಿಗೆ ಹೊಸ ಪ್ಲಗ್ ಆರಿಸುವವರು ಎಡವುವುದು ಬಹುಮಟ್ಟಿಗೆ ಈ ಎರಡನೆಯ ಕೆಲಸವನ್ನು ಮರೆತಾಗ.

ಕರ್ನಾಟಕದಲ್ಲಿ ಈ ವಿಷಯಕ್ಕೆ ಯೆಜ್ಡಿಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ತಯಾರಿಸಿ, 1973ರಿಂದ ಅವನ್ನು ಯೆಜ್ಡಿ ಎಂಬ ಹೆಸರಿನಲ್ಲಿ ಮಾರಿ, 1996ರಲ್ಲಿ ಬಾಗಿಲು ಮುಚ್ಚಿತು. ಒಂದೇ ಸಿಲಿಂಡರು, ಎರಡು ಸೈಲೆನ್ಸರು, 248.5 ಸಿಸಿ ಸಾಮರ್ಥ್ಯವುಳ್ಳ ಅದರ ಎಂಜಿನ್ ಟೂ-ಸ್ಟ್ರೋಕ್ ಬಗೆಯದು. ಅಂದರೆ ಕ್ರ್ಯಾಂಕಿನ ಪ್ರತಿಯೊಂದು ಸುತ್ತಿಗೂ ಅದರಲ್ಲಿ ಒಮ್ಮೆ ಇಂಧನ ಉರಿಯುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಫೋರ್-ಸ್ಟ್ರೋಕ್ ಎಂಜಿನ್ನಿನ ಸಿಲಿಂಡರಿನಲ್ಲಿ ಸೆಕೆಂಡಿಗೆ 25 ಬಾರಿ ಇಂಧನ ಹೊತ್ತಿಕೊಂಡರೆ ಯೆಜ್ಡಿಯಲ್ಲಿ 50 ಬಾರಿ ಹೊತ್ತಿಕೊಳ್ಳುವುದರಿಂದ, ಅದರ ಪ್ಲಗ್ಗಿಗೆ ಆರಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಸಾಲದ್ದಕ್ಕೆ, ಎಂಜಿನ್ನಿನ ಒಳಭಾಗಗಳ ಜಾರಿಕೆಗಾಗಿ ಪೆಟ್ರೋಲಿಗೆ ಬೆರೆಸಿದ ಎಣ್ಣೆಯೂ ಅದರೊಡನೆಯೇ ಉರಿದು, ಪ್ಲಗ್ಗಿನ ತುದಿಗೆ ಮಸಿ ಮೆತ್ತುತ್ತದೆ. ಹೀಗೆ ಅತಿ ಕಾವು ಮತ್ತು ಅತಿ ಮಸಿ ಎಂಬ ಎರಡು ಕೇಡುಗಳ ನಡುವಿನ ಇಕ್ಕಟ್ಟಿನಲ್ಲಿ ಅದು ಬದುಕಬೇಕು.

ಪ್ಲಗ್ಗಿನ ನಡುಗಂಬಿಯನ್ನು ಸುತ್ತುವರಿದ ಬಿಳಿಯ ಪಿಂಗಾಣಿಯಂಥ ಭಾಗಕ್ಕೆ ಅವಾಹಕವೆಂದು ಹೆಸರು; ವಿದ್ಯುತ್ತು ದಾರಿ ತಪ್ಪಿ ಉಕ್ಕಿನ ಮೈಗೆ ಹರಿಯದಂತೆ ಅದು ತಡೆಯುತ್ತದೆ. ಅದರ ಮೂಗಿನ ಉಷ್ಣತೆ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ಮುಟ್ಟದಿದ್ದರೆ ಮಸಿ ಸುಟ್ಟುಹೋಗದೆ ಪದರವಾಗಿ ಉಳಿದು, ಇಂಗಾಲವು ವಿದ್ಯುತ್ತನ್ನು ಹರಿಯಬಿಡುವ ವಸ್ತುವಾದ್ದರಿಂದ, ಕಿಡಿಯಾಗಬೇಕಾದ ವಿದ್ಯುತ್ತು ಆ ಪದರದ ಮೇಲೆಯೇ ಸೋರಿಹೋಗುತ್ತದೆ. ಉಷ್ಣತೆ 850 ಡಿಗ್ರಿಯನ್ನು ಮೀರಿತೆಂದರೆ ಕೆಂಪಗೆ ಕಾದ ಮೂಗೇ ಕಿಡಿಗಿಂತ ಮೊದಲು ಇಂಧನವನ್ನು ಹೊತ್ತಿಸತೊಡಗುತ್ತದೆ. ಪೂರ್ವದಹನವೆನಿಸುವ ಈ ಸ್ಥಿತಿ ಮುಂದುವರಿದರೆ ಪಿಸ್ಟನ್ನಿನ ನೆತ್ತಿಯೇ ಕರಗಿ ತೂತಾಗಬಹುದು. ಮಸಿ ಹಿಡಿದ ಪ್ಲಗ್ ಗಾಡಿಯನ್ನು ನಿಲ್ಲಿಸುತ್ತದೆ, ಅಷ್ಟೆ. ಕಾದ ಪ್ಲಗ್ ಎಂಜಿನ್ನನ್ನೇ ಕೆಡಿಸುತ್ತದೆ. ಆದುದರಿಂದ ಅನುಮಾನವಿದ್ದಲ್ಲಿ ತಣ್ಣನೆಯ ಕಡೆಗೆ ವಾಲುವುದೇ ವಿವೇಕ.

ತಣ್ಣನೆಯ ಪ್ಲಗ್, ಬಿಸಿಯ ಪ್ಲಗ್ ಎಂಬ ಮಾತುಗಳು ಕಿಡಿಯ ಬಲಕ್ಕೆ ಸಂಬಂಧಿಸಿದವಲ್ಲ. ಅವಾಹಕದ ಮೂಗು ಉದ್ದವಾಗಿದ್ದರೆ ಕಾವು ಉಕ್ಕಿನ ಮೈ ಸೇರಲು ದೂರ ಸಾಗಬೇಕಾಗಿ ತುದಿ ಬಿಸಿಯಾಗಿಯೇ ಉಳಿಯುತ್ತದೆ. ಮೂಗು ಗಿಡ್ಡವಾಗಿದ್ದರೆ ಕಾವು ಬೇಗ ಇಳಿದುಹೋಗುತ್ತದೆ. ಜಿನನಾಥಪುರವೆಂಬ ಹಳ್ಳಿಯಿಂದ ಪಕ್ಕದ ಶ್ರವಣಬೆಳಗೊಳಕ್ಕೆ, ತೋಟದಿಂದ ಮನೆಗೆ ಎಂದು ಕಿರುದಾರಿಗಳಲ್ಲಿ ನಿಧಾನವಾಗಿ ಓಡಾಡುವ ಯೆಜ್ಡಿಯ ಪ್ಲಗ್ ಸಾಕಷ್ಟು ಕಾಯುವುದೇ ಅಪರೂಪ. ಅದೇ ಗಾಡಿ ಚನ್ನರಾಯಪಟ್ಟಣದಲ್ಲಿ ಹೆದ್ದಾರಿ ಸೇರಿ ಬೆಂಗಳೂರಿನವರೆಗೆ ಒಂದೇ ಸಮನೆ ಓಡಿದರೆ ಆ ಪ್ಲಗ್ಗಿನ ಪಾಡೇ ಬೇರೆ. ತಯಾರಕರು ಸೂಚಿಸಿದ ಕಾವಿನ ದರ್ಜೆಯಿಂದಲೇ ಆರಂಭಿಸಿ, ಮಸಿ ಕಟ್ಟುವುದು ಮತ್ತೆ ಮತ್ತೆ ಮರುಕಳಿಸಿದರೆ ಮಾತ್ರ ಒಂದು ಮೆಟ್ಟಿಲು ಬಿಸಿಯದನ್ನು ಪ್ರಯತ್ನಿಸಬಹುದು, ಅದೂ ಹೆದ್ದಾರಿಯ ಓಟವಿಲ್ಲದ ಗಾಡಿಯಲ್ಲಿ.

ಈ ದರ್ಜೆಯನ್ನು ಓದುವುದರಲ್ಲಿಯೇ ಒಂದು ತೊಡಕಿದೆ. 1951ರಲ್ಲಿ ಸ್ಥಾಪನೆಯಾಗಿ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಬೆಂಗಳೂರಿನ ಮೈಕೋ ಸಂಸ್ಥೆಯ ಹಳೆಯ ಪ್ಲಗ್ಗುಗಳ ಮೇಲೆ ಡಬ್ಲ್ಯೂ 175, ಡಬ್ಲ್ಯೂ 225 ಎಂಬಂಥ ಗುರುತುಗಳಿದ್ದವು. ಡಬ್ಲ್ಯೂ ಅಕ್ಷರವು 14 ಮಿಲಿಮೀಟರ್ ದಪ್ಪದ ತಿರುಪಿನ ಮರೆಯನ್ನು ಸೂಚಿಸಿದರೆ, ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣನೆಯದೆಂದು ಅರ್ಥ. ಬಾಷ್‌ನ ಹೊಸ ಕ್ರಮದಲ್ಲಿ ಇದು ತಲೆಕೆಳಗಾಗಿದೆ: 175ರ ಸ್ಥಾನದಲ್ಲಿ 7 ಇದೆ, 225ರ ಸ್ಥಾನದಲ್ಲಿ 5 ಇದೆ, ಹಾಗಾಗಿ ಚಿಕ್ಕ ಅಂಕಿಯೇ ತಣ್ಣನೆಯದು. ಜಪಾನಿನ ಎನ್‌ಜಿಕೆ ಮಾತ್ರ ದೊಡ್ಡ ಅಂಕಿಯನ್ನೇ ತಣ್ಣನೆಯದಕ್ಕೆ ಉಳಿಸಿಕೊಂಡಿದೆ. ಅಂಗಡಿಯಲ್ಲಿ ಒಂದು ಕಂಪನಿಯ 7ಕ್ಕೆ ಬದಲಾಗಿ ಇನ್ನೊಂದರ 7 ಕೇಳಿ ಪಡೆದರೆ ಕಾವಿನ ದರ್ಜೆ ಒಂದೇ ಆಗಿರಬೇಕಿಲ್ಲ. ಹೋಲಿಕೆಯ ಪಟ್ಟಿಯನ್ನು ನೋಡದೆ ಪ್ಲಗ್ ಬದಲಿಸಲಾಗದು.

ಅವಾಹಕದ ಕಥೆಗೆ ಜಿನನಾಥಪುರದ ಕಲ್ಲಿನೊಡನೆ ದೂರದ ನಂಟೊಂದಿದೆ. ಅಲ್ಲಿ ಸುಮಾರು ಕ್ರಿ.ಶ. 1200ರ ಹೊತ್ತಿಗೆ ಕಟ್ಟಿದ ಶಾಂತಿನಾಥ ಬಸದಿಯ ಹೊರಗೋಡೆಗಳ ಕೆತ್ತನೆಗೆ ನವಿರುತನ ಒದಗಿದ್ದು, ಹೊಯ್ಸಳ ಶಿಲ್ಪಿಗಳು ಮೆಚ್ಚಿದ, ಉಳಿಗೆ ಸುಲಭವಾಗಿ ಮಣಿಯುವ ಬಳಪದ ಕಲ್ಲಿನಿಂದ. ಅದೇ ಕುಲದ ಸ್ಟೀಯಟೈಟ್ ಎಂಬ ಶಿಲೆಯನ್ನು ಬೇಕಾದ ಆಕಾರಕ್ಕೆ ತಂದು ಹೆಚ್ಚಿನ ಉಷ್ಣತೆಯಲ್ಲಿ ಸುಟ್ಟರೆ ಅದು ಗಟ್ಟಿಯಾಗಿ, ವಿದ್ಯುತ್ತನ್ನೂ ಕಾವನ್ನೂ ತಡೆದು ನಿಲ್ಲುತ್ತದೆ. 1902ರಲ್ಲಿ ಬಾಷ್ ಕಂಪನಿಯ ಎಂಜಿನಿಯರ್ ಗಾಟ್‌ಲಾಬ್ ಹೊನೊಲ್ಡ್ ಹೆಚ್ಚಿನ ವೋಲ್ಟೇಜಿನ ಮ್ಯಾಗ್ನೆಟೋ ಜೊತೆಗೆ ಪ್ಲಗ್ಗನ್ನು ರೂಪಿಸಿದ ನಂತರದ ದಶಕಗಳಲ್ಲಿ ಪಿಂಗಾಣಿ ಮತ್ತು ಅಭ್ರಕದಂತೆ ಸ್ಟೀಯಟೈಟ್ ಕೂಡ ಅವಾಹಕವಾಗಿ ಬಳಕೆಯಲ್ಲಿತ್ತು. ಇಂದು ಆ ಸ್ಥಾನವನ್ನು ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಮ್ ಆಕ್ಸೈಡ್, ಪಡೆದಿದೆ. ಅದು ವಿದ್ಯುತ್ತನ್ನು ತಡೆಯುತ್ತಲೇ ಕಾವನ್ನು ಪಿಂಗಾಣಿಗಿಂತ ಚೆನ್ನಾಗಿ ಸಾಗಿಸುತ್ತದೆ.

ದರ್ಜೆ ಸರಿಯಿದ್ದರೂ ಮರೆಯ ಉದ್ದ ತಪ್ಪಬಾರದು. 14 ಮಿಲಿಮೀಟರಿನ ಪ್ಲಗ್ಗುಗಳಲ್ಲಿಯೇ ಮರೆಯ ಉದ್ದ 12.7 ಮತ್ತು 19 ಮಿಲಿಮೀಟರ್ ಇರುವ ಎರಡು ಬಗೆಗಳು ಪ್ರಚಲಿತವಾಗಿವೆ. ಗಿಡ್ಡ ಮರೆಯ ಹೆಡ್ಡಿಗೆ ಉದ್ದದ ಪ್ಲಗ್ ಹಾಕಿದರೆ ಅದರ ತುದಿಗೆ ಪಿಸ್ಟನ್ ಬಡಿಯುವ ಸಂಭವವಿದೆ. ಉದ್ದ ಮರೆಯ ಹೆಡ್ಡಿಗೆ ಗಿಡ್ಡದ್ದನ್ನು ಹಾಕಿದರೆ ಖಾಲಿ ಉಳಿದ ಮರೆಗಳಲ್ಲಿ ಮಸಿ ತುಂಬುತ್ತದೆ. ಹಳೆಯ ಪ್ಲಗ್ಗನ್ನು ಬಿಚ್ಚಿ ಅಳೆಯುವುದು ಐದು ನಿಮಿಷದ ಕೆಲಸ. ಕಿಡಿ ಹಾರುವ ಸಂದಿನ ಅಗಲವು, ಹಳೆಯ ಬ್ಯಾಟರಿ ಮತ್ತು ಕಾಯಿಲ್ ಪದ್ಧತಿಯ ಗಾಡಿಗಳಲ್ಲಿ, ಸಾಮಾನ್ಯವಾಗಿ 0.5ರಿಂದ 0.7 ಮಿಲಿಮೀಟರಿನ ಒಳಗಿದ್ದು, ಫೀಲರ್ ಗೇಜಿನಿಂದ ಅಳೆದು ಸರಿಪಡಿಸತಕ್ಕದ್ದು. ದುಬಾರಿ ಇರಿಡಿಯಮ್ ಪ್ಲಗ್ಗಿನ ಸೂಕ್ಷ್ಮ ತುದಿಗೆ ಕಡಿಮೆ ವೋಲ್ಟೇಜು ಸಾಕಾಗುವುದು ನಿಜವಾದರೂ, ಎಣ್ಣೆಮಸಿಯಾದಾಗ ತಂತಿಬ್ರಷ್ಷಿನಿಂದ ಉಜ್ಜಿ ಬಳಸಲು ಅದು ತಕ್ಕದ್ದಲ್ಲವಾದ್ದರಿಂದ, ಯೆಜ್ಡಿಗೆ ಸಾದಾ ನಿಕಲ್ ತುದಿಯ ಪ್ಲಗ್ಗೇ ಹೆಚ್ಚು ಹೊಂದುತ್ತದೆ.

ಇತ್ತೀಚೆಗೆ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂದಮೇಲೆ ಇನ್ನೊಂದು ಎಚ್ಚರ ಅಗತ್ಯವಾಗಿದೆ. ಎಥನಾಲಿನಲ್ಲಿಯೇ ಆಮ್ಲಜನಕವಿರುವುದರಿಂದ, ಇಂಧನ ಹರಿಯುವ ರಂಧ್ರವಾದ ಜೆಟ್ ಹಳೆಯ ಅಳತೆಯದಾಗಿರುವ ಕಾರ್ಬ್ಯುರೇಟರಿನಲ್ಲಿ ಇಂಧನದ ಪಾಲು ಬೇಕಾದುದಕ್ಕಿಂತ ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತದೆ. ಕಂದುಬಣ್ಣದ ಮೂಗು ಸರಿಯಾದ ದಹನದ ಗುರುತಾದರೆ, ಸುಣ್ಣದಂತೆ ಬಿಳಿಚಿದ ಮೂಗು ತೆಳು ಮಿಶ್ರಣದ ಇಲ್ಲವೇ ಅತಿ ಕಾವಿನ ಗುರುತು. ಆಗ ತಣ್ಣನೆಯ ಪ್ಲಗ್ ಹುಡುಕುವುದಕ್ಕಿಂತ ಮೊದಲು ಜೆಟ್ಟನ್ನು ಪರೀಕ್ಷಿಸಬೇಕು, ಏಕೆಂದರೆ ರೋಗವಿರುವುದು ಕಾರ್ಬ್ಯುರೇಟರಿನಲ್ಲಿ. ಆರಿಸಿದ ಪ್ಲಗ್ಗನ್ನು ಕೂರಿಸುವಾಗಲೂ, ಹೆಡ್ಡು ಅಲ್ಯೂಮಿನಿಯಮ್ಮಿನದಾದ್ದರಿಂದ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮರೆಯನ್ನು ಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಿ, ಹೊಸ ವಾಷರ್ ಅಮುಕಿಕೊಳ್ಳುವಂತೆ ಪ್ಲಗ್ ಪಾನಾದಿಂದ ಸುಮಾರು ಅರ್ಧ ಸುತ್ತು ಮಾತ್ರ ಬಿಗಿಯಬೇಕು.