ಮಿದುಳಿನ ಕರಿಯ ಪಟ್ಟಿಯೂ ಮನುಷ್ಯನ ನಡತೆಯೂ

ಮನುಷ್ಯನ ನಡತೆಗೆ ಅವನ ಸ್ವಭಾವವೇ ಕಾರಣವೆಂದು ಹೇಳುವುದು ಲೋಕರೂಢಿ. ಆದರೆ ಸ್ವಭಾವವೆಂದು ನಾವು ಕರೆಯುವುದರಲ್ಲಿ ಎಷ್ಟೋ ಅಂಶವು ಮಿದುಳಿನ ಸಣ್ಣ ಭಾಗಗಳನ್ನೂ ಅಲ್ಲಿ ಹುಟ್ಟುವ ದ್ರವ್ಯಗಳನ್ನೂ ಅವಲಂಬಿಸಿದೆ. ಬೆಂಗಳೂರಿನ ಜಯನಗರಕ್ಕೆ ಸಮೀಪದಲ್ಲಿರುವ ನಿಮ್ಹಾನ್ಸ್ ಸಂಸ್ಥೆಯು 1995ರಲ್ಲಿ ಸ್ಥಾಪಿಸಿದ ಮಿದುಳಿನ ಭಂಡಾರದಲ್ಲಿ, ಮೃತರ ಬಂಧುಗಳು ದಾನವಿತ್ತ ಮಿದುಳುಗಳನ್ನು ಸಂಶೋಧನೆಗಾಗಿ ಕಾಪಾಡಿದ್ದಾರೆ.

ಒಂದು ನಿದರ್ಶನವನ್ನು ನೋಡೋಣ. ನಡುಮಿದುಳನ್ನು ಅಡ್ಡಲಾಗಿ ಕೊಯ್ದರೆ ಎರಡು ಪಕ್ಕಗಳಲ್ಲಿಯೂ ಕರಿಯ ಪಟ್ಟಿಯೊಂದು ಬರಿಗಣ್ಣಿಗೇ ಕಾಣುತ್ತದೆ. ಇಲ್ಲಿಯ ನರಕೋಶಗಳು ಡೋಪಮೀನ್ ಎಂಬ ದ್ರವ್ಯವನ್ನು ತಯಾರಿಸಿ, ಚಲನೆಯನ್ನು ನಿಯಂತ್ರಿಸುವ ಒಳಕೇಂದ್ರಗಳಿಗೆ ಒದಗಿಸುತ್ತವೆ. ಪಾರ್ಕಿನ್ಸನ್ ರೋಗದಲ್ಲಿ ಈ ಕೋಶಗಳು ನಶಿಸಿ ಪಟ್ಟಿಯು ಬಿಳಿಚಿಕೊಳ್ಳುತ್ತದೆ. ಆಗ ಹೆಜ್ಜೆ ಕಿರಿದಾಗುತ್ತದೆ. ಮುಖದ ಭಾವ ಅಳಿಯುತ್ತದೆ. ಎಷ್ಟೋ ವೇಳೆ ಉತ್ಸಾಹವೂ ಕುಗ್ಗುತ್ತದೆ. ಇದನ್ನರಿಯದವರು ರೋಗಿಯನ್ನು ಸೋಮಾರಿಯೆಂದೋ ಬಿಗುಮಾನಿಯೆಂದೋ ಹಳಿಯುವುದುಂಟು.

ಡೋಪಮೀನು ರಕ್ತದಿಂದ ಮಿದುಳನ್ನು ಪ್ರವೇಶಿಸಲಾರದು; ಅದರ ಪೂರ್ವದ್ರವ್ಯವಾದ ಲೆವೊಡೋಪಾ ಪ್ರವೇಶಿಸಬಲ್ಲುದು. ನಮ್ಮ ನಾಡಿನ ನಸುಗುನ್ನಿಯ ಬೀಜದಿಂದ ಇದನ್ನು 1937ರಲ್ಲಿ ಮದರಾಸಿನ ದಾಮೋದರನ್, ರಾಮಸ್ವಾಮಿ ಎಂಬವರು ಬೇರ್ಪಡಿಸಿದ್ದರು. ಇಂದಿಗೂ ಈ ರೋಗಕ್ಕೆ ಲೆವೊಡೋಪಾವೇ ಮುಖ್ಯ ಔಷಧ. ಆದರೆ ಡೋಪಮೀನನ್ನು ಅನುಕರಿಸುವ ಬೇರೆ ಕೆಲವು ಔಷಧಗಳಿಂದ, ಎಂದೂ ಇಸ್ಪೀಟು ಮುಟ್ಟದವರೂ ಜೂಜಿಗೆ ಬೀಳುವುದುಂಟು; ವೈದ್ಯರು ಔಷಧವನ್ನು ತಗ್ಗಿಸಿದರೆ ಆ ಚಪಲವು ಸಾಮಾನ್ಯವಾಗಿ ಇಳಿಯುತ್ತದೆ.

ಒಂದೇ ದ್ರವ್ಯದಿಂದ ಇಡೀ ನಡತೆಯನ್ನು ವಿವರಿಸಲಾಗದು. ಕಲಿಕೆ, ಸಹವಾಸ, ಪರಿಸರಗಳಿಗೂ ಅದರಲ್ಲಿ ಪಾಲುಂಟು. ಆದರೂ ಒಬ್ಬನ ನಡತೆ ಮಾರ್ಪಟ್ಟುದನ್ನು ಕಂಡಾಗ, ಅವನ ಶೀಲವನ್ನು ಶಂಕಿಸುವ ಮುನ್ನ ವೈದ್ಯರನ್ನು ಕಾಣುವುದು ನ್ಯಾಯ.