ಬದುವಿನ ಮೇಲಿದ್ದ ಔಷಧ

ಹಿಂದಿನ ವರ್ಷದ ಶ್ರಾವಣ ಮಾಸದಲ್ಲಿ ರಾಜೇಶ್ವರದ ನಮ್ಮ ಚಿಕಿತ್ಸಾಲಯಕ್ಕೆ ಎಪ್ಪತ್ತರ ಸಮೀಪದ ರೈತರೊಬ್ಬರು ಬಂದರು. ಮೂತ್ರದಲ್ಲಿ ಉರಿ, ಸೊಂಟದಿಂದ ಕೆಳಗಿಳಿಯುವ ನೋವು, ಸಂಜೆಯ ಹೊತ್ತಿಗೆ ಪಾದಗಳಲ್ಲಿ ಬಾವು. ಇಪ್ಪತ್ತು ವರ್ಷಗಳ ಹಿಂದೆಯೂ ಇಂಥದೇ ಬಾಧೆಯಿಂದ ಅವರು ನಮ್ಮಲ್ಲಿಗೆ ಬಂದಿದ್ದರು. ಆಗ ಅವರ ಹೊಲದ ಬದುವಿನಿಂದಲೇ ನೆಗ್ಗಿನಮುಳ್ಳನ್ನೂ ಪುನರ್ನವದ ಬೇರನ್ನೂ ತರಿಸಿ ಕಷಾಯದ ವಿಧಾನವನ್ನು ತಿಳಿಸಿದ್ದೆವು; ಗುಣ ಕಂಡಿತ್ತು. ಈ ಬಾರಿ ರಕ್ತ, ಮೂತ್ರಗಳ ಪರೀಕ್ಷೆ ಮಾಡಿಸಿ, ಮೂತ್ರಪಿಂಡಗಳಿಗೆ ಹಾನಿಯಾಗಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಅದೇ ಮಾತನ್ನು ಹೇಳಿದೆವು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಡಾಕ್ಟರ್ ಸಾಹೇಬ್ರ, ಬದುವಿನ ಮ್ಯಾಲ ಈಗ ಏನೂ ಉಳಿದಿಲ್ರಿ. ಎಲ್ಲಾ ಕಡಿ ಔಷಧ ಹೊಡದೀವಿ" ಎಂದರು.

ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ಕಳೆನಾಶಕಕ್ಕೂ ಕಷಾಯಕ್ಕೂ ನಮ್ಮ ಜನರ ಬಾಯಲ್ಲಿ ಒಂದೇ ಹೆಸರು. ಔಷಧ ಬೆಳೆಯುತ್ತಿದ್ದ ಜಾಗಕ್ಕೆ 'ಔಷಧ' ಹೊಡೆದು ಔಷಧವನ್ನೇ ಇಲ್ಲವಾಗಿಸಿದ್ದೇವೆ. ಕೊನೆಗೆ ಅವರಿಗೆ ಪೊಟ್ಟಣದ ಚೂರ್ಣವನ್ನು ಕೊಟ್ಟು ಕಳುಹಿಸಿದೆವು. ಅದು ಯಾವ ನೆಲದಲ್ಲಿ ಬೆಳೆಯಿತು, ಯಾವ ಋತುವಿನಲ್ಲಿ ಕೀಳಲ್ಪಟ್ಟಿತು ಎಂಬುದನ್ನು ನಾವು ಬಲ್ಲವರಲ್ಲ. ಪರಿಸರ ರಕ್ಷಣೆಯೆಂಬುದು ಸಭೆಯ ಭಾಷಣಕ್ಕೂ ಜೂನ್ 5ರ ಸಸಿ ನೆಡುವಿಕೆಗೂ ಸೀಮಿತವಾದ ವಿಷಯವೆಂದು ತಿಳಿದವರು ಈ ಒಂದು ಪ್ರಸಂಗವನ್ನು ಗಮನಿಸಬೇಕು.

ಚರಕ ಮಹರ್ಷಿಗಳ ನಾಲ್ಕು ಸೂತ್ರಗಳು

ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ 'ಜನಪದೋದ್ಧ್ವಂಸನೀಯ'ವೆಂಬ ಮೂರನೆಯ ಅಧ್ಯಾಯವಿದೆ. ಜನಪದಗಳೇ ನಾಶವಾಗುವ ಬಗೆಯನ್ನು ಅದು ವಿವರಿಸುತ್ತದೆ. ಗಂಗಾತೀರದ ಕಾಂಪಿಲ್ಯದಲ್ಲಿ ಪುನರ್ವಸು ಆತ್ರೇಯರು ಶಿಷ್ಯರೊಡನೆ ವನದಲ್ಲಿ ಸಂಚರಿಸುತ್ತಿರುತ್ತಾರೆ. ಕಾಲದ ಲಕ್ಷಣಗಳು ಕೆಡುತ್ತಿರುವುದನ್ನು ಕಂಡು, ಭೂಮಿಯು ಸಾರಹೀನವಾಗುವ ಮುನ್ನವೇ ಮೂಲಿಕೆಗಳನ್ನು ಸಂಗ್ರಹಿಸಿರೆಂದು ಅಗ್ನಿವೇಶನಿಗೆ ಸೂಚಿಸುತ್ತಾರೆ. ಶಿಷ್ಯನಿಗೆ ಸಂಶಯ ಹುಟ್ಟುತ್ತದೆ: ಒಬ್ಬೊಬ್ಬರ ಪ್ರಕೃತಿ, ಆಹಾರ, ಬಲ, ವಯಸ್ಸು ಬೇರೆ ಬೇರೆಯಾಗಿರುವಾಗ ಒಂದೇ ಕಾಲದಲ್ಲಿ ಒಂದೇ ರೋಗ ಎಲ್ಲರನ್ನೂ ಹೇಗೆ ಬಾಧಿಸೀತು?

ಗುರುಗಳ ಉತ್ತರವೇ ನಮ್ಮ ಲೇಖನದ ತಿರುಳು. ಮನುಷ್ಯರಲ್ಲಿ ಎಷ್ಟೇ ಭೇದವಿದ್ದರೂ ನಾಲ್ಕು ಸಂಗತಿಗಳು ಎಲ್ಲರಿಗೂ ಸಮಾನ: ವಾಯು, ಉದಕ, ದೇಶ, ಕಾಲ. ಅಂದರೆ ಗಾಳಿ, ನೀರು, ನೆಲ ಮತ್ತು ಋತು. ಇವು ಕೆಟ್ಟರೆ ಶ್ರೀಮಂತನೂ ಬಡವನೂ ಒಟ್ಟಿಗೇ ರೋಗಿಗಳಾಗುತ್ತಾರೆ. ಇವುಗಳಲ್ಲಿ ಒಂದಕ್ಕಿಂತ ಮುಂದಿನದು ತಪ್ಪಿಸಿಕೊಳ್ಳಲು ಹೆಚ್ಚು ಕಠಿಣ. ಗಾಳಿ ಕೆಟ್ಟ ಜಾಗವನ್ನು ಬಿಟ್ಟು ಸರಿಯಬಹುದು. ನೀರನ್ನು ಬಿಡುವುದು ಕಷ್ಟ. ಹುಟ್ಟಿದ ನೆಲವನ್ನು ತೊರೆಯುವುದು ಇನ್ನೂ ಕಷ್ಟ. ಕಾಲದಿಂದ ಓಡಿಹೋಗಲು ಯಾರಿಗೂ ಸಾಧ್ಯವಿಲ್ಲ. ಈ ವಿಕೃತಿಯ ಬೇರು ಪ್ರಜ್ಞಾಪರಾಧದಲ್ಲಿದೆ, ಅಂದರೆ ತಿಳಿದೂ ತಪ್ಪುವ ಬುದ್ಧಿಯಲ್ಲಿದೆ ಎಂದು ಆಚಾರ್ಯರು ಸ್ಪಷ್ಟಪಡಿಸುತ್ತಾರೆ.

ಗಾಳಿ

ಧೂಳು, ಹೊಗೆ, ದುರ್ಗಂಧಗಳಿಂದ ಕೂಡಿದ ಗಾಳಿ ರೋಗಕಾರಕವೆಂದು ಆ ಅಧ್ಯಾಯ ಹೇಳುತ್ತದೆ. ನಮ್ಮ ರಾಜೇಶ್ವರವು ಪುಣೆ, ಸೊಲ್ಲಾಪುರಗಳಿಂದ ಹುಮನಾಬಾದಿನ ಮಾರ್ಗವಾಗಿ ಹೈದರಾಬಾದಿಗೆ ಸಾಗುವ ಹೆದ್ದಾರಿಯ ಮೇಲಿದೆ. ಹಗಲಿರುಳು ಲಾರಿಗಳ ಓಡಾಟ. ರಸ್ತೆ ಅಗಲವಾದಂತೆ ಅಂಚಿನ ಬೇವು, ಹುಣಸೆ, ಆಲದ ಮರಗಳು ಕಣ್ಮರೆಯಾದವು. ಮರದ ಎಲೆಯು ಧೂಳನ್ನು ತನ್ನ ಮೇಲೆ ಹಿಡಿದಿಟ್ಟುಕೊಂಡು ಮಳೆ ಬಂದಾಗ ನೆಲಕ್ಕೆ ಇಳಿಸುತ್ತದೆ. ಆ ತಡೆಯಿಲ್ಲದಾಗ ಧೂಳು ನೇರವಾಗಿ ಮನೆಯೊಳಗೆ, ಎದೆಯೊಳಗೆ ಬರುತ್ತದೆ. ಇದರೊಡನೆ ಸುಗ್ಗಿಯ ನಂತರ ಹೊಲದಲ್ಲಿ ಸುಡುವ ಕಸ, ಓಣಿಯಲ್ಲಿ ಸುಡುವ ಪ್ಲಾಸ್ಟಿಕ್. ಚಳಿಗಾಲದಲ್ಲಿ ಕೆಮ್ಮು, ದಮ್ಮಿನಿಂದ ನಮ್ಮಲ್ಲಿಗೆ ಬರುವ ಮಕ್ಕಳ ಮನೆಯವರನ್ನು ನಾವು ಮೊದಲು ಕೇಳುವುದು, ಮನೆಯ ಬಳಿ ಏನನ್ನು ಸುಡುತ್ತೀರಿ ಎಂದೇ.

ನೀರು

ಕೆಟ್ಟ ನೀರಿನ ಲಕ್ಷಣಗಳನ್ನು ಹೇಳುವಾಗ ಆತ್ರೇಯರು ಬಣ್ಣ, ವಾಸನೆ, ರುಚಿಗಳ ಜೊತೆಗೆ ಇನ್ನೊಂದು ಮಾತನ್ನು ಸೇರಿಸುತ್ತಾರೆ: ನೀರಹಕ್ಕಿಗಳು ಬಿಟ್ಟುಹೋದ ನೀರು ಕೆಟ್ಟದ್ದು. ಪ್ರಯೋಗಾಲಯವಿಲ್ಲದ ಕಾಲದ ಪರೀಕ್ಷೆಯಿದು. ಇಂದಿಗೂ ಸಲ್ಲುವಂಥದು. ಕೆರೆಗೆ ಬಕ, ಬಾತು ಬರುವುದು ನಿಂತಿತೆಂದರೆ ಊರಿನವರು ಎಚ್ಚರಗೊಳ್ಳಬೇಕು.

ನೀರಿನ ವಿವೇಕಕ್ಕೆ ಕಲ್ಯಾಣನಾಡು ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕುಡಿಯುವ ನೀರಿಗಾಗಿಯೇ ಒಂದು ಪ್ರಕರಣವಿದೆ. ಅದೇ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸುವುದನ್ನೇ ಕಾಯಕವಾಗಿಸಿಕೊಂಡು, ಆ ಬಳಿಕ ಕಲ್ಯಾಣಕ್ಕೆ ಬಂದರು. ಬೀದರ ನಗರದ ನೌಬಾದಿನಲ್ಲಿ ಬಹಮನಿ ಅರಸರ ಕಾಲದ ಸುರಂಗಬಾವಿ ಇಂದಿಗೂ ಇದೆ. ಮೇಲಿನ ಜಂಬಿಟ್ಟಿಗೆ ಕಲ್ಲು ಸ್ಪಂಜಿನಂತೆ ಮಳೆನೀರನ್ನು ಹೀರುತ್ತದೆ. ಹಾಗೆ ಇಂಗಿದ ನೀರನ್ನು ನೆಲದೊಳಗಿನ ಸುರಂಗದ ಮೂಲಕ ಇಳಿಜಾರಿನಲ್ಲಿ ಹರಿಸಿ ಊರಿಗೆ ಒದಗಿಸುತ್ತಿದ್ದರು. ಯಂತ್ರವಿಲ್ಲ, ವಿದ್ಯುತ್ತಿಲ್ಲ. ಮಳೆ ಇಂಗಿದಷ್ಟೇ ನೀರು ಹೊರಗೆ ಬರುತ್ತಿತ್ತು.

ಇಂದು ಲೆಕ್ಕ ತಪ್ಪಿದೆ. ಬೀದರ ಜಿಲ್ಲೆಯಲ್ಲಿ ಸರಾಸರಿ ವರ್ಷಕ್ಕೆ 800 ಮಿ.ಮೀ.ಗಿಂತ ಹೆಚ್ಚು ಮಳೆಯಾಗುತ್ತದೆ. ವಿಜಯಪುರ, ರಾಯಚೂರುಗಳಿಗೆ ಹೋಲಿಸಿದರೆ ನಾವು ಭಾಗ್ಯವಂತರು. ಆದರೆ ಕಬ್ಬಿಗೆ ಒಂದು ಬೆಳೆಯ ಅವಧಿಯಲ್ಲಿ 1500ರಿಂದ 2500 ಮಿ.ಮೀ. ನೀರು ಬೇಕು. ಜೋಳಕ್ಕೆ 450ರಿಂದ 650 ಮಿ.ಮೀ. ಸಾಕು. ಆಕಾಶ ಕೊಡದ ನೀರನ್ನು ಕೊಳವೆಬಾವಿಯಿಂದ ಎತ್ತುತ್ತೇವೆ. ನಮ್ಮ ಕಪ್ಪು ಮಣ್ಣಿನ ಕೆಳಗಿರುವುದು ಗಟ್ಟಿಯಾದ ಕರಿಕಲ್ಲು. ಅದರ ಬಿರುಕುಗಳಲ್ಲಿ ನಿಂತ ನೀರು ಬೇಗ ಬರಿದಾಗುತ್ತದೆ, ನಿಧಾನವಾಗಿ ತುಂಬುತ್ತದೆ. ನೆರೆಯ ಲಾತೂರಿಗೆ 2016ರ ಏಪ್ರಿಲ್‌ನಲ್ಲಿ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ಬಂದದ್ದನ್ನು ನಾವೆಲ್ಲ ನೋಡಿದ್ದೇವೆ. ಮೊದಲ ರೈಲು ತಂದದ್ದು 5 ಲಕ್ಷ ಲೀಟರ್. ಲಾತೂರು ಪರದೇಶವಲ್ಲ; ಅದೇ ಮಾಂಜ್ರಾ ನದಿಯೇ ನಮ್ಮ ಜಿಲ್ಲೆಗೂ ಹರಿದುಬರುತ್ತದೆ.

ನೀರಿನ ಪ್ರಮಾಣ ಕುಗ್ಗಿದಂತೆ ಗುಣವೂ ಕೆಡುತ್ತದೆ. ಅತಿಯಾದ ಯೂರಿಯಾ, ಬಾವಿಯ ಪಕ್ಕದ ತಿಪ್ಪೆ, ಶೌಚಗುಂಡಿಗಳಿಂದ ನೈಟ್ರೇಟ್ ಎಂಬ ಲವಣ ಅಂತರ್ಜಲಕ್ಕೆ ಇಳಿಯುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ವಿಧಿಸಿದೆ. ಅದು ಬಣ್ಣ, ವಾಸನೆಗಳಿಂದ ತಿಳಿಯುವುದಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಸಾಂದ್ರವಾಗುತ್ತದೆ. ಆರು ತಿಂಗಳೊಳಗಿನ ಹಸುಗೂಸಿಗೆ ಇಂಥ ನೀರಿನಲ್ಲಿ ಹಾಲಿನಪುಡಿ ಕಲಸಿ ಕುಡಿಸಿದರೆ ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟಬಹುದು. ಆದುದರಿಂದ ಕೊಳವೆಬಾವಿಯ ನೀರನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಬೇಕು. ಕಂದನಿಗೆ ತಾಯಿಯ ಹಾಲೇ ಶ್ರೇಷ್ಠ.

ನೆಲ

ಆಯುರ್ವೇದವು ನೆಲವನ್ನು ಜಾಂಗಲ, ಆನೂಪ, ಸಾಧಾರಣವೆಂದು ಮೂರಾಗಿ ವಿಂಗಡಿಸುತ್ತದೆ. ಬಿಸಿಲು, ಒಣಗಾಳಿ, ವಿರಳವಾದ ಮರಗಳಿರುವ ನಮ್ಮ ನಾಡು ಜಾಂಗಲಕ್ಕೆ ಸಮೀಪ. ಇದನ್ನು ಬರಡೆಂದು ಹಳಿಯಬೇಕಾಗಿಲ್ಲ. ಜಾಂಗಲ ಅಥವಾ ಸಾಧಾರಣ ಭೂಮಿಯಲ್ಲಿ ಬೆಳೆದ ಮೂಲಿಕೆಗಳನ್ನೇ ಔಷಧಕ್ಕೆ ತೆಗೆದುಕೊಳ್ಳಬೇಕೆಂದು ಚರಕ ಸಂಹಿತೆಯ ಕಲ್ಪಸ್ಥಾನ ವಿಧಿಸುತ್ತದೆ. ಬನ್ನಿ, ಬೇವು, ಹೊಂಗೆ, ಬಿಲ್ವ, ಮುತ್ತುಗ. ಬೇಲಿಯ ಅಮೃತಬಳ್ಳಿ, ಹಾದಿಯ ಉತ್ತರಾಣಿ, ತುಂಬೆ: ಇವು ನಮ್ಮ ನೆಲ ತಾನಾಗಿ ಕೊಟ್ಟ ಔಷಧಾಲಯ.

ಆ ಔಷಧಾಲಯದ ಬಾಗಿಲನ್ನು ಕಳೆನಾಶಕ ಮುಚ್ಚುತ್ತಿದೆ. ಬಹಳವಾಗಿ ಬಳಕೆಯಲ್ಲಿರುವ ಗ್ಲೈಫೋಸೇಟ್ ಹಸಿರಾದದ್ದೆಲ್ಲವನ್ನೂ ಬೇರುಸಹಿತ ಒಣಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಇದನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ವರ್ಗಕ್ಕೆ ಸೇರಿಸಿತು. ಕೂಲಿಯಾಳು ಸಿಗದ ರೈತನ ಕಷ್ಟವನ್ನು ನಾವು ಅರಿಯದವರಲ್ಲ. ಆದರೆ ಬದುವಿನ ಹುಲ್ಲು ಸತ್ತರೆ ಬದುವಿನ ಮಣ್ಣೂ ಮೊದಲ ಮಳೆಗೇ ಹಳ್ಳ ಸೇರುತ್ತದೆ. ಹೂವಿಲ್ಲದಲ್ಲಿ ಜೇನು ಬಾರದು. ಮೇವಿಲ್ಲದೆ ದೇವಣಿ ಆಕಳು ಕೊಟ್ಟಿಗೆಯಿಂದ ಸಂತೆಗೆ ಹೋಗುತ್ತದೆ. ಕೊಟ್ಟಿಗೆ ಬರಿದಾದರೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದಿದ್ದರೆ ಮತ್ತೆ ಯೂರಿಯಾ. ಹೀಗೆ ಒಂದು ಎಳೆ ಕಿತ್ತರೆ ಇಡೀ ನೇಯ್ಗೆ ಸಡಿಲವಾಗುತ್ತದೆ.

ಈ ನೇಯ್ಗೆಯ ಸೂಕ್ಷ್ಮತೆಗೆ ರಣಹದ್ದುಗಳ ಕಥೆಯೇ ಸಾಕ್ಷಿ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಔಷಧ, ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡವನ್ನು ಕೆಡಿಸಿತು. 1990ರ ದಶಕದಿಂದೀಚೆಗೆ ದೇಶದ ರಣಹದ್ದುಗಳು ಬಹುಮಟ್ಟಿಗೆ ನಾಶವಾದವು. 2006ರಲ್ಲಿ ಸರ್ಕಾರವು ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು. ಅಷ್ಟರಲ್ಲಿ ಹದ್ದು ತಿನ್ನಬೇಕಾದ ಹೆಣಗಳು ಬೀದಿನಾಯಿಗಳ ಪಾಲಾಗಿದ್ದವು. ನಾಯಿ ಹೆಚ್ಚಿದಲ್ಲಿ ಹುಚ್ಚುನಾಯಿ ಕಡಿತದ ಭಯವೂ ಹೆಚ್ಚು. ಆಕಾಶದ ಹಕ್ಕಿಗೂ ಊರಿನ ಮಗುವಿನ ಪ್ರಾಣಕ್ಕೂ ಸಂಬಂಧವಿದೆಯೆಂದು ಆಗ ಯಾರು ಎಣಿಸಿದ್ದರು?

ಕಾಲ

ಋತುವು ತನ್ನ ಲಕ್ಷಣಕ್ಕಿಂತ ಹೀನವಾದರೆ, ಅತಿಯಾದರೆ, ವಿಪರೀತವಾದರೆ ಅದು ಕಾಲವಿಕೃತಿ. ಲಾತೂರಿಗೆ ರೈಲಿನಲ್ಲಿ ನೀರು ಬಂದ ಅದೇ 2016ರ ಸೆಪ್ಟೆಂಬರ್‌ನಲ್ಲಿ ಲಾತೂರು, ಬೀದರಗಳೆರಡರಲ್ಲೂ ಅತಿವೃಷ್ಟಿಯಾಗಿ ಹೊಲಗಳು ಮುಳುಗಿದವು. ಹೀನವೂ ಅತಿಯೂ ಒಂದೇ ವರ್ಷದಲ್ಲಿ! ನಾವು ರೋಗಿಗಳಿಗೆ ಋತುಚರ್ಯೆಯನ್ನು ಬೋಧಿಸುತ್ತೇವೆ. ಋತುವೇ ನೆಲೆತಪ್ಪಿದಾಗ ಚರ್ಯೆಯನ್ನು ಯಾವುದಕ್ಕೆ ಹೊಂದಿಸುವುದು? ಜಗತ್ತಿನ ತಾಪ ಏರುತ್ತಿರುವುದನ್ನು ನಮ್ಮ ಒಂದು ಗ್ರಾಮ ತಡೆಯಲಾರದು, ನಿಜ. ಆದರೆ ಮೊದಲಿನ ಮೂರನ್ನು ಕಾಪಾಡಿಕೊಂಡ ಊರು ನಾಲ್ಕನೆಯದರ ಪೆಟ್ಟನ್ನು ತಾಳಬಲ್ಲದು. ನೀರು ಇಂಗಿದ ನೆಲ ಬರವನ್ನು ಸಹಿಸುತ್ತದೆ. ಬೇರು ಹಿಡಿದ ಮಣ್ಣು ಪ್ರವಾಹವನ್ನು ಸಹಿಸುತ್ತದೆ.

ನಮ್ಮಿಂದಾಗುವ ಕಾಯಕ

ಓದುಗ ಬಂಧುಗಳೇ, ಔಷಧದ ಜೊತೆಗೆ ಪಥ್ಯವನ್ನೂ ಹೇಳುವುದು ವೈದ್ಯಧರ್ಮ. ಹೊಲವಿದ್ದವರು ಒಂದು ಬದುವನ್ನಾದರೂ ಕಳೆನಾಶಕ ಸಿಂಪಡಿಸದೆ ಬಿಡಿರಿ. ಕೃಷಿಹೊಂಡ ಮಾಡಿಸಿ ಮಳೆನೀರನ್ನು ನಿಲ್ಲಿಸಿರಿ. ಕಬ್ಬಿನ ಪಕ್ಕದಲ್ಲಿ ಜೋಳ, ತೊಗರಿಗಳಿಗೂ ಸ್ಥಳ ಕೊಡಿರಿ. ಹೊಲದ ಕಸವನ್ನು ಸುಡದೆ ಗೊಬ್ಬರದ ಗುಂಡಿಗೆ ಹಾಕಿರಿ. ಊರವರು ಹಾಳುಬಿದ್ದ ಬಾವಿಗೆ ಕಸ ಸುರಿಯುವುದನ್ನು ನಿಲ್ಲಿಸಿ, ಬೇಸಿಗೆಯಲ್ಲಿ ಹೂಳೆತ್ತಿರಿ. ಜಾತ್ರೆ, ದಾಸೋಹಗಳಲ್ಲಿ ಪ್ಲಾಸ್ಟಿಕ್ ತಟ್ಟೆಗಳ ಬದಲು ಮುತ್ತುಗದ ಪತ್ರಾವಳಿ ಬಳಸಿದರೆ ಪ್ರಸಾದದ ಪಾವಿತ್ರ್ಯವೂ ಉಳಿಯುತ್ತದೆ, ಮುತ್ತುಗದ ಮರವೂ ಉಳಿಯುತ್ತದೆ. ಮೂಲಿಕೆಗಳನ್ನು ಗುರುತಿಸುವುದನ್ನು ಹಿರಿಯರು ಮಕ್ಕಳಿಗೆ ಕಲಿಸಿರಿ. ಆದರೆ ವೈದ್ಯರ ಸಲಹೆಯಿಲ್ಲದೆ ಯಾವುದನ್ನೂ ಸೇವಿಸಬಾರದು.

ತಪ್ಪು ನಮ್ಮದೂ ಇದೆ. ಇಷ್ಟು ವರ್ಷ ನಾಡಿ ಹಿಡಿದು ರೋಗಿಯ ಊಟ, ನಿದ್ರೆಗಳನ್ನು ವಿಚಾರಿಸಿದ ನಾವು ಅವರ ಹೊಲದ ಬದುವನ್ನು ವಿಚಾರಿಸಲಿಲ್ಲ. ಆ ಹಿರಿಯ ರೈತರಿಗೆ ಪೊಟ್ಟಣ ಕೊಡುವಾಗ, ಒಂದು ಬದುವನ್ನು ಬಿಡಲು ಕೇಳಿಕೊಂಡೆವು. ಈ ಮಳೆಗಾಲದಲ್ಲಿ ಬಂದವರು, ಮೂತ್ರದ ಬಾಧೆ ಇಳಿದಿದೆಯೆಂದೂ, ಬಿಟ್ಟ ಬದುವಿನಲ್ಲಿ ಹುಲ್ಲಿನ ನಡುವೆ ಪುನರ್ನವ ಅಲ್ಲಲ್ಲಿ ತಲೆಯೆತ್ತಿದೆಯೆಂದೂ ತಿಳಿಸಿದರು. ನೆಗ್ಗಿನಮುಳ್ಳು ಇನ್ನೂ ಕಂಡಿಲ್ಲವಂತೆ. ಬೇಸಿಗೆಯಲ್ಲಿ ಒಣಗಿ, ಮಳೆ ಬಿದ್ದೊಡನೆ ಮತ್ತೆ ಹೊಸದಾಗುವುದರಿಂದಲೇ ಆ ಗಿಡಕ್ಕೆ ಪುನರ್ನವವೆಂಬ ಹೆಸರು. ನಾವು ಕೊಲ್ಲದೆ ಬಿಟ್ಟರೆ ಅದು ತನ್ನ ಹೆಸರನ್ನು ಉಳಿಸಿಕೊಳ್ಳುತ್ತದೆ.